ಇಂಜಿನ್ ಬೋರಿಗೆ ಬಂತು ಅನ್ನುವ ಮೊದಲು

ಟ್ರ್ಯಾಕ್ಟರ್ ನೀಲಿ ಹೊಗೆ ಬಿಡುತ್ತದೆ, ಆಯಿಲ್ ತಿನ್ನುತ್ತದೆ, ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಕಲ್ಟಿವೇಟರ್ ನೆಲಕ್ಕಿಳಿಸಿದರೆ ಎಳೆಯಲಾರದೆ ಉಸಿರು ಕಟ್ಟಿ ನಿಲ್ಲುತ್ತದೆ. ಇಷ್ಟಾದರೆ ಸಾಕು, ‘ಇಂಜಿನ್ ಬೋರಿಗೆ ಬಂತು’ ಎಂದು ತೀರ್ಮಾನವಾಗಿಬಿಡುತ್ತದೆ. ಗಾಡಿ ಶೆಡ್ಡಿಗೆ ಹೋಗುತ್ತದೆ. ಪಿಸ್ಟನ್, ಲೈನರ್, ರಿಂಗ್, ಬೇರಿಂಗ್ ಎಲ್ಲ ಹೊಸದು ಬೀಳುತ್ತದೆ. ದುಡ್ಡು ಹೋಗುವುದಕ್ಕಿಂತ ನೋವಿನ ಸಂಗತಿ ಎಂದರೆ ಎರಡು ಹಂಗಾಮು ಕಳೆಯುವಷ್ಟರಲ್ಲಿ ಅದೇ ಹೊಗೆ ಮತ್ತೆ ಕಾಣಿಸುವುದು. ಇಂಜಿನ್ ಯಾಕೆ ಸವೆಯಿತು ಎಂದು ಯಾರೂ ಕೇಳಿರುವುದಿಲ್ಲ, ಎಷ್ಟು ಸವೆದಿದೆ ಎಂದು ಯಾರೂ ಅಳೆದಿರುವುದಿಲ್ಲ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಮಾಡಿಸಿದ ಕೆಲಸವೇ ಬಾಳುವುದು. ಬೋಲ್ಟು ಬಿಚ್ಚುವ ಕೆಲಸ ಕೈ ಮಸಿ ಮಾಡಿಕೊಳ್ಳುವ ಯಾರಿಗಾದರೂ ಬಂದೀತು. ಅಳೆಯುವ ತಾಳ್ಮೆ ಇರುವ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಬೇಕು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಓಡುತ್ತಿರುವ ಹಳೆಯ ಮ್ಯಾಸಿ ಫರ್ಗ್ಯುಸನ್ ಗಾಡಿಗಳ ಮೂರು ಸಿಲಿಂಡರ್ ಇಂಜಿನ್. ಇದರ ಮೂಲ ಇಂಗ್ಲೆಂಡಿನ ಪೀಟರ್‌ಬರೋದ ಪರ್ಕಿನ್ಸ್ ಕಂಪನಿ. ಆ ಕಂಪನಿಯನ್ನು ಮ್ಯಾಸಿ ಫರ್ಗ್ಯುಸನ್ 1959ರಲ್ಲಿ ಕೊಂಡುಕೊಂಡಿತು. ನಮ್ಮಲ್ಲಿ ಟ್ರ್ಯಾಕ್ಟರ್ ತಯಾರಿಸುವ ಟ್ಯಾಫೆ ಕಂಪನಿ 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಮೇಲೆ ಈ ಗಾಡಿಗಳಿಗೆ ಅದೇ ಊರಿನ ಸಿಂಪ್ಸನ್ ಕಂಪನಿಯ ಇಂಜಿನ್ ಬಂತು. ಹಾಗಾಗಿ ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ಸಿಂಪ್ಸನ್ ಇಂಜಿನ್’. ಮೂಲ ಪರ್ಕಿನ್ಸ್ 3.152 ಇಂಜಿನ್ನಿನ ಬೋರ್ 91.44 ಮಿಲಿಮೀಟರ್, ಸ್ಟ್ರೋಕ್ 127 ಮಿಲಿಮೀಟರ್. ಮೂರೂ ಸಿಲಿಂಡರ್ ಸೇರಿ ಸುಮಾರು 2.5 ಲೀಟರ್. ಹೆಸರಿನಲ್ಲಿರುವ 3 ಸಿಲಿಂಡರ್ ಲೆಕ್ಕ, 152 ಘನ ಇಂಚಿನ ಲೆಕ್ಕ. ವರ್ಷ ಕಳೆದಂತೆ ಇದರಲ್ಲಿ ಸಣ್ಣಪುಟ್ಟ ಬದಲಾವಣೆಗಳು ಆಗಿವೆ. ಆದ್ದರಿಂದ ಸಾಮಾನು ಕೇಳುವಾಗ ‘ಮ್ಯಾಸಿ ಪಿಸ್ಟನ್ ಕೊಡಿ’ ಎಂದರೆ ಸಾಲದು, ಬ್ಲಾಕಿನ ಮೇಲಿರುವ ಇಂಜಿನ್ ನಂಬರ್ ಬರೆದುಕೊಂಡೇ ಅಂಗಡಿಗೆ ಹೋಗಿ.

ಹೊಗೆ ಏನು ಹೇಳುತ್ತದೆ

ಕಪ್ಪು ಹೊಗೆ ಅಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಕ್ಲೀನರ್ ಕಟ್ಟಿರಬಹುದು, ನಾಜಲ್ ಸೋರುತ್ತಿರಬಹುದು, ಗಾಡಿಗೆ ಮೀರಿದ ಲೋಡ್ ಬಿದ್ದಿರಬಹುದು. ಇದಕ್ಕೆ ಇಂಜಿನ್ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಬಿಳಿ ಹೊಗೆ ಚಳಿಗಾಲದ ಬೆಳಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಇಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ ಪಂಪಿನ ಟೈಮಿಂಗ್ ತಪ್ಪಿರಬಹುದು, ಕಂಪ್ರೆಷನ್ ಇಳಿದಿರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಒಡೆದು ನೀರು ಒಳಗೆ ಹೋಗುತ್ತಿರಬಹುದು.

ನೀಲಿ ಹೊಗೆ ಆಯಿಲ್ ಉರಿಯುವ ಗುರುತು. ಆದರೆ ಆ ಆಯಿಲ್ ರಿಂಗ್ ದಾಟಿಯೇ ಬರಬೇಕೆಂದಿಲ್ಲ. ಗಾಡಿಯನ್ನು ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು, ಆಮೇಲೆ ಒಮ್ಮೆಲೇ ಆಕ್ಸಿಲರೇಟರ್ ಎಳೆಯಿರಿ. ಒಂದು ದಪ್ಪ ನೀಲಿ ಹೊಗೆ ಹೊರಬಂದು ಆಮೇಲೆ ತಿಳಿಯಾದರೆ ಅನುಮಾನ ವಾಲ್ವ್ ಗೈಡ್ ಮೇಲೆ. ಉಳುವಾಗ, ಲೋಡಿನಲ್ಲಿ, ಬಿಡದೆ ನೀಲಿ ಹೊಗೆ ಬರುತ್ತಿದ್ದರೆ ರಿಂಗ್ ಮತ್ತು ಲೈನರ್ ಕಡೆ ನೋಡಬೇಕು. ಇನ್ನೊಂದು ಕಾರಣವನ್ನು ಬಹಳ ಜನ ಮರೆಯುತ್ತಾರೆ. ಆಯಿಲ್ ಬಾತ್ ಏರ್ ಕ್ಲೀನರಿನ ಬಟ್ಟಲಿಗೆ ಗುರುತಿಗಿಂತ ಮೇಲೆ ಆಯಿಲ್ ತುಂಬಿದರೆ ಇಂಜಿನ್ ಅದನ್ನೇ ಹೀರಿಕೊಂಡು ಉರಿಸುತ್ತದೆ. ಆ ಹೊಗೆ ನೋಡಿ ಇಂಜಿನ್ ಬಿಚ್ಚಿಸಿದರೆ ಚೆನ್ನಾಗಿದ್ದ ಲೈನರ್ ಗುಜರಿಗೆ ಹೋದಂತೆ.

ಬಿಚ್ಚುವ ಮೊದಲು ಇನ್ನು ಮೂರು ಪರೀಕ್ಷೆ ಮಾಡಿಸಿ. ಮೊದಲನೆಯದು, ಇಂಜಿನ್ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುವುದು. ಅಲ್ಲಿಂದ ಬುಸುಬುಸು ಎಂದು ಹೊಗೆ ನುಗ್ಗುತ್ತಿದ್ದರೆ ಉರಿದ ಗ್ಯಾಸು ರಿಂಗ್ ದಾಟಿ ಕೆಳಗಿಳಿಯುತ್ತಿದೆ ಎಂದರ್ಥ. ಎರಡನೆಯದು ಕಂಪ್ರೆಷನ್. ಡೀಸೆಲ್ ಇಂಜಿನ್ನಿಗೆಂದೇ ಇರುವ ಗೇಜ್ ಬೇಕು, ಪೆಟ್ರೋಲ್ ಗಾಡಿಯದು ನಡೆಯುವುದಿಲ್ಲ. ಮೂರು ಸಿಲಿಂಡರಿನ ನಡುವೆ 50 ಪಿಎಸ್‌ಐಗಿಂತ ಹೆಚ್ಚು ಅಂತರ ಬಂದರೆ ಕಡಿಮೆ ಬಂದ ಸಿಲಿಂಡರಿಗೆ ಒಂದೇ ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿದರೆ ತೊಂದರೆ ರಿಂಗಿನದು; ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನದು. ವಾಲ್ವ್ ಮಾತ್ರ ಆಗಿದ್ದರೆ ಹೆಡ್ ಇಳಿಸಿ ಕೆಲಸ ಮುಗಿಸಬಹುದು, ಖರ್ಚು ಎಷ್ಟೋ ಕಡಿಮೆ. ಮೂರನೆಯದು ಆಯಿಲ್ ಪ್ರೆಷರ್. ಹಳೆಯ ಗಾಡಿಯ ಮೀಟರನ್ನು ನಂಬದೆ ಬೇರೆ ಗೇಜ್ ಜೋಡಿಸಿ. ಇಂಜಿನ್ ಪೂರ್ತಿ ಬಿಸಿಯಾಗಿ ಪೂರ್ತಿ ವೇಗದಲ್ಲಿರುವಾಗ ಈ ಇಂಜಿನ್ನಿಗೆ 30ರಿಂದ 60 ಪಿಎಸ್‌ಐ ಇರಬೇಕು. ತಣ್ಣಗಿರುವಾಗ ಚೆನ್ನಾಗಿ ತೋರಿಸಿ ಬಿಸಿಯಾದ ಮೇಲೆ 30ಕ್ಕಿಂತ ಕೆಳಗಿಳಿದರೆ ಕ್ರ್ಯಾಂಕ್ ಬೇರಿಂಗ್ ಅಥವಾ ಆಯಿಲ್ ಪಂಪ್ ಸವೆದಿರುವ ಸಾಧ್ಯತೆ ಹೆಚ್ಚು.

ಬಡಿತದ ಸದ್ದು ಯಾವ ಸಿಲಿಂಡರಿನದು ಎಂದು ಕಂಡುಹಿಡಿಯಲು ನಾಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುವುದು ಹಳೆಯ ಕ್ರಮ. ಯಾವ ನಟ್ಟು ಸಡಿಲಿಸಿದಾಗ ಸದ್ದು ಕಡಿಮೆಯಾಗುತ್ತದೋ ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಅಥವಾ ಪಿಸ್ಟನ್ ಪಿನ್ ನೋಡಬೇಕು. ಸಡಿಲಿಸುವಾಗ ಬಟ್ಟೆ ಅಡ್ಡ ಹಿಡಿದು ಕೈ ದೂರ ಇಟ್ಟುಕೊಳ್ಳಿ. ನಾಜಲ್ಲಿನಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುವಷ್ಟು ಬಲವಾಗಿರುತ್ತದೆ. ಹಾಗೆ ಆದರೆ ಗಾಯ ಚಿಕ್ಕದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಧೂಳು ಎಲ್ಲಿಂದ ಬಂತು

ಟ್ರ್ಯಾಕ್ಟರ್ ಇಂಜಿನ್ನಿನ ದೊಡ್ಡ ಶತ್ರು ದುಡಿಮೆಯಲ್ಲ, ಧೂಳು. ಒಣನೆಲದಲ್ಲಿ ರೋಟವೇಟರ್ ಹೊಡೆಯುವಾಗ, ಕಣದಲ್ಲಿ ಒಕ್ಕಣೆ ಯಂತ್ರಕ್ಕೆ ಕಟ್ಟಿ ದಿನವಿಡೀ ನಿಲ್ಲಿಸಿದಾಗ ಗಾಡಿ ಧೂಳಿನ ಮೋಡದೊಳಗೇ ಇರುತ್ತದೆ. ಗದಗ, ರಾಯಚೂರಿನ ಕಪ್ಪು ನೆಲವಿರಲಿ, ಕೋಲಾರ, ಚಿತ್ರದುರ್ಗದ ಕೆಂಪು ನೆಲವಿರಲಿ, ಆ ಮಣ್ಣಿನ ಕಣ ಏರ್ ಕ್ಲೀನರ್ ದಾಟಿ ಒಳಗೆ ಹೋದರೆ ಆಯಿಲಿನ ಜೊತೆ ಸೇರಿ ಉಜ್ಜುವ ಪೇಸ್ಟ್ ಆಗುತ್ತದೆ.

ಬಿಚ್ಚಿದ ಇಂಜಿನ್ನೇ ಇದನ್ನು ತೋರಿಸಿಕೊಡುತ್ತದೆ. ಬೋರಿನ ಮೇಲ್ಭಾಗ, ಅಂದರೆ ಮೊದಲ ರಿಂಗ್ ಹೋಗಿ ತಿರುಗಿ ಬರುವ ಜಾಗ, ಹೆಚ್ಚು ಸವೆದಿದ್ದರೆ ಧೂಳು ಗಾಳಿಯ ದಾರಿಯಿಂದ ಬಂದಿದೆ. ಬೋರ್ ಸುಮಾರಾಗಿ ಚೆನ್ನಾಗಿದ್ದು ಬೇರಿಂಗುಗಳ ಮೇಲೆ ಗೀರು ಬಿದ್ದಿದ್ದರೆ ಕೊಳೆ ಬಂದದ್ದು ಆಯಿಲಿನ ದಾರಿಯಿಂದ: ಹೊತ್ತಿಗೆ ಸರಿಯಾಗಿ ಬದಲಿಸದ ಫಿಲ್ಟರ್, ತೆರೆದ ಡಬ್ಬದಿಂದ ಸುರಿದ ಆಯಿಲ್. ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಕಳಚಿ, ಇಂಜಿನ್ ಕಡೆಯ ಬಾಯಿಗೆ ಬೆರಳು ಹಾಕಿ ಒರೆಸಿ. ಅಲ್ಲಿ ಬೆರಳಿಗೆ ಮಣ್ಣು ಹತ್ತಬಾರದು. ಹತ್ತಿದರೆ ಪೈಪು ಸೀಳಿದೆ, ಕ್ಲಿಪ್ಪು ಸಡಿಲವಾಗಿದೆ, ಇಲ್ಲವೇ ಬಟ್ಟಲಿನ ವಾಷರ್ ಹೋಗಿದೆ. ಚಿಕ್ಕ ರಬ್ಬರ್ ಪೈಪು ಬದಲಿಸದೆ ಹೊಸ ಲೈನರ್ ಹಾಕಿಸಿದವರ ಗಾಡಿಗಳೇ ಎರಡು ಹಂಗಾಮಿಗೆ ಮತ್ತೆ ಹೊಗೆ ಬಿಡುವುದು.

ಒಡೆಯುವ ಕೆಲಸ

ಲಾರಿಗೆ ಇರುವಂತೆ ಈ ಟ್ರ್ಯಾಕ್ಟರಿಗೆ ಬೇರೆ ಚಾಸಿ ಇಲ್ಲ. ಮುಂದಿನ ಆಕ್ಸಲ್ಲಿನ ಬ್ರಾಕೆಟ್ ಇಂಜಿನ್ನಿಗೇ ಕೂತಿದೆ, ಇಂಜಿನ್ನು ಗೇರ್‌ಬಾಕ್ಸಿಗೆ ಕೂತಿದೆ. ಇಂಜಿನ್ ಪೂರ್ತಿ ಹೊರಗೆ ತೆಗೆಯಬೇಕೆಂದರೆ ಗಾಡಿಯನ್ನೇ ನಡುವೆ ಬೇರ್ಪಡಿಸಬೇಕು. ಇದು ಅಪಾಯದ ಕೆಲಸ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ ಮೇಲೆ ತೂಗುವಂತಿರುವುದರಿಂದ ಗಾಡಿ ಬೇರ್ಪಟ್ಟ ಕ್ಷಣ ಮುಂದಿನ ಭಾಗ ಪಕ್ಕಕ್ಕೆ ವಾಲುತ್ತದೆ. ಅದಕ್ಕೇ ಬೋಲ್ಟುಗಳನ್ನು ಸಡಿಲಿಸುವ ಮೊದಲು ಆಕ್ಸಲ್ ಮತ್ತು ಬ್ರಾಕೆಟ್ ನಡುವೆ ಎರಡೂ ಬದಿಗೆ ಗಟ್ಟಿ ಮರದ ಬೆಣೆ ಬಡಿಯಬೇಕು. ಗೇರ್‌ಬಾಕ್ಸ್ ಕೆಳಗೆ ಸ್ಟ್ಯಾಂಡ್, ಇಂಜಿನ್ ಕೆಳಗೆ ಟ್ರಾಲಿ ಜಾಕ್, ಹಿಂದಿನ ಗಾಲಿಗೆ ಎರಡೂ ಕಡೆ ಅಡೆ. ಇಟ್ಟಿಗೆ ಮತ್ತು ಕಲ್ಲುಗಳ ಮೇಲೆ ಭಾರ ನಿಲ್ಲಿಸುವ ಶೆಡ್ಡಿನಲ್ಲಿ ಈ ಕೆಲಸ ಮಾಡಿಸಲೇಬೇಡಿ.

ಗಾಡಿ ಒಡೆಯದೆಯೂ ಅರ್ಧ ಕೆಲಸ ಮಾಡಬಹುದು. ಮೇಲೆ ಹೆಡ್, ಕೆಳಗೆ ಸಂಪ್ ಇಳಿಸಿ ಪಿಸ್ಟನ್‌ಗಳನ್ನು ಮೇಲಿನಿಂದ ಎಳೆದುಕೊಂಡು ರಿಂಗ್, ಲೈನರ್, ಕನೆಕ್ಟಿಂಗ್ ರಾಡ್ ಬೇರಿಂಗ್ ಬದಲಿಸುವುದಕ್ಕೆ ಶೆಡ್ಡಿನವರು ‘ಹಾಫ್ ಇಂಜಿನ್’ ಅನ್ನುತ್ತಾರೆ. ಕ್ರ್ಯಾಂಕ್ ಸಮೇತ ಹೊರತೆಗೆದರೆ ‘ಫುಲ್ ಇಂಜಿನ್’. ಆಯಿಲ್ ಪ್ರೆಷರ್ ಸರಿಯಿದ್ದು, ಬಡಿತವಿಲ್ಲದೆ, ಕಂಪ್ರೆಷನ್ ಮಾತ್ರ ಹೋಗಿದ್ದರೆ ಹಾಫ್ ಇಂಜಿನ್ ಸಾಕು. ಬಿಸಿಯಲ್ಲಿ ಪ್ರೆಷರ್ ಬೀಳುವ ಗಾಡಿಗೆ ಹಾಫ್ ಮಾಡಿಸುವುದು ಎರಡು ಖರ್ಚು. ಮೇಲೆ ಹೊಸ ಕಂಪ್ರೆಷನ್ ಬಂದು ಹಳೆಯ ಬೇರಿಂಗಿನ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಬಿಚ್ಚಬೇಕಾಗುತ್ತದೆ.

ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಹುಟ್ಟು ಜೋಡಿ. ಎರಡರ ಮೇಲೂ ಒಂದೇ ನಂಬರ್ ಇರುತ್ತದೆ, ಇಲ್ಲದಿದ್ದರೆ ಹಾಕಿಕೊಳ್ಳಬೇಕು. ಒಂದರ ಕ್ಯಾಪ್ ಇನ್ನೊಂದಕ್ಕೆ ಹೋದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಪುಷ್ ರಾಡ್, ಟ್ಯಾಪೆಟ್, ವಾಲ್ವ್ ಎಲ್ಲವೂ ಇದ್ದ ಜಾಗಕ್ಕೇ ಹೋಗಬೇಕು. ರಟ್ಟಿನ ಹಾಳೆಗೆ ತೂತು ಮಾಡಿ ಸಾಲಾಗಿ ಚುಚ್ಚಿಟ್ಟರೆ ಸಾಕು.

ರಿಂಗಿನಿಂದ ಬೋರ್ ಅಳೆಯುವುದು

ಬೋರ್ ಗೇಜ್ ಇರುವ ಮೇಸ್ತ್ರಿ ಪ್ರತಿ ಸಿಲಿಂಡರಿನಲ್ಲೂ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಪ್ರತಿ ಕಡೆ ಉದ್ದಕ್ಕೂ ಅಡ್ಡಕ್ಕೂ ಅಳೆಯುತ್ತಾನೆ. ಕ್ರ್ಯಾಂಕಿಗೆ ಅಡ್ಡಲಾಗಿ ಪಿಸ್ಟನ್ ಒತ್ತುವ ಕಡೆ ಸವಕಳಿ ಹೆಚ್ಚಿರುತ್ತದೆ, ಬೋರ್ ಅಂಡಾಕಾರಕ್ಕೆ ತಿರುಗಿರುತ್ತದೆ. ಗೇಜ್ ಇಲ್ಲದಿದ್ದರೂ ಅಳೆಯುವ ಒಂದು ದಾರಿಯಿದೆ. ಫೀಲರ್ ಗೇಜ್ ಒಂದಿದ್ದರೆ ರೈತನೇ ಮಾಡಿ ನೋಡಬಹುದು.

ಒಂದು ಹೊಸ ಕಂಪ್ರೆಷನ್ ರಿಂಗ್ ತೆಗೆದುಕೊಳ್ಳಿ. ಅದನ್ನು ಖಾಲಿ ಬೋರಿಗೆ ಹಾಕಿ, ಪಿಸ್ಟನ್ ತಲೆಕೆಳಗಾಗಿ ಹಿಡಿದು ಅದರಿಂದಲೇ ರಿಂಗನ್ನು ಕೆಳಕ್ಕೆ ತಳ್ಳಿ. ಹೀಗೆ ಮಾಡಿದರೆ ರಿಂಗ್ ವಾರೆಯಾಗದೆ ನೇರ ಕೂರುತ್ತದೆ. ಬೋರಿನ ತಳದ ಕಡೆ, ರಿಂಗ್ ಎಂದೂ ಉಜ್ಜದ ಜಾಗದಲ್ಲಿ, ರಿಂಗಿನ ಎರಡು ತುದಿಯ ನಡುವಿನ ಗ್ಯಾಪ್ ಅಳೆಯಿರಿ. ಆಮೇಲೆ ಅದೇ ರಿಂಗನ್ನು ಮೇಲಕ್ಕೆ ತಂದು, ಬೋರಿನ ಬಾಯಲ್ಲಿ ಉಗುರಿಗೆ ಸಿಗುವ ಏಣಿನ ಸ್ವಲ್ಪ ಕೆಳಗೆ ಕೂರಿಸಿ ಮತ್ತೆ ಅಳೆಯಿರಿ. ಬೋರಿನ ವ್ಯಾಸ ಹಿಗ್ಗಿದಷ್ಟೂ ಅದರ ಸುತ್ತಳತೆ 3.14 ಪಟ್ಟು ಹಿಗ್ಗುತ್ತದೆ, ಆ ಹಿಗ್ಗು ಪೂರ್ತಿ ಗ್ಯಾಪಿನಲ್ಲಿ ಕಾಣುತ್ತದೆ. ಕೆಳಗೆ ಗ್ಯಾಪ್ 0.40 ಮಿಲಿಮೀಟರ್ ಬಂದು, ಮೇಲೆ 1.05 ಬಂತು ಅನ್ನಿ. ವ್ಯತ್ಯಾಸ 0.65. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 0.21. ಅಂದರೆ ಆ ಬೋರು ಮೇಲ್ಭಾಗದಲ್ಲಿ 0.21 ಮಿಲಿಮೀಟರ್ ಸವೆದಿದೆ. ಈ ಗಾತ್ರದ ಇಂಜಿನ್ನಿಗೆ 0.2 ಮಿಲಿಮೀಟರ್ ದಾಟಿದರೆ ಲೈನರ್ ಬದಲಿಸುವುದು ಕಾರ್ಯಾಗಾರಗಳ ರೂಢಿ. ಅದಕ್ಕಿಂತ ಬಹಳ ಕಡಿಮೆ ಇದ್ದು, ಬೋರಿನಲ್ಲಿ ಗೀರಿಲ್ಲದೆ ಇದ್ದರೆ ರಿಂಗ್ ಮಾತ್ರ ಬದಲಿಸಿ, ಬೋರಿಗೆ ಲಘುವಾಗಿ ಹೋನಿಂಗ್ ಮಾಡಿಸಿ ಮುಂದುವರಿಯಬಹುದು. ಅಂಡಾಕಾರ ಎಷ್ಟಿದೆ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ, ಅದಕ್ಕೆ ಬೋರ್ ಗೇಜೇ ಬೇಕು. ಆದರೂ ‘ಪೂರ್ತಿ ಬದಲಿಸಬೇಕು’ ಎಂದು ಹೇಳುವವರ ಮುಂದೆ ಈ ಒಂದು ಅಂಕಿ ಇಟ್ಟುಕೊಂಡು ಮಾತಾಡಿದರೆ ಮಾತಿನ ತೂಕವೇ ಬೇರೆ. ‘ಅಣ್ಣಾ, ಮೂರೂ ಬೋರ್ ಎಷ್ಟೆಷ್ಟು ಸವೆದಿದೆ, ಚೀಟಿಯಲ್ಲಿ ಬರೆದುಕೊಡಿ’ ಎಂದು ಕೇಳುವ ಹಕ್ಕು ಗಾಡಿಯ ಯಜಮಾನನಿಗಿದೆ, ಕೇಳಲು ಹಿಂಜರಿಯಬೇಕಿಲ್ಲ.

ಕ್ರ್ಯಾಂಕಿನ ಅಳತೆಗೆ ಮೈಕ್ರೋಮೀಟರ್ ಬೇಕೇ ಬೇಕು. ಅದಕ್ಕೂ ಮೊದಲು ತೆಗೆದ ಬೇರಿಂಗ್ ಚಿಪ್ಪಿನ ಬೆನ್ನು ನೋಡಿ. ಅಲ್ಲಿ ಎಸ್‌ಟಿಡಿ ಎಂದಿದ್ದರೆ ಕ್ರ್ಯಾಂಕ್ ಇನ್ನೂ ಮೂಲ ಅಳತೆಯಲ್ಲಿದೆ. 010, 020, 030 ಎಂದಿದ್ದರೆ ಹಿಂದೆ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಷ್ಟು ಗ್ರೈಂಡಿಂಗ್ ಆಗಿದೆ. ಶೆಡ್ಡಿನಲ್ಲಿ ಇದಕ್ಕೇ ಹತ್ತು ಸೈಜು, ಇಪ್ಪತ್ತು ಸೈಜು, ಮೂವತ್ತು ಸೈಜು ಅನ್ನುವುದು. ಮೂವತ್ತಕ್ಕೆ ಬಂದ ಕ್ರ್ಯಾಂಕಿನಲ್ಲಿ ಮತ್ತೆ ಗ್ರೈಂಡಿಂಗ್‌ಗೆ ಹೆಚ್ಚು ಜಾಗ ಉಳಿದಿರುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಸಂಪ್ ಇಳಿಸಿದ ದಿನವೇ ಈ ನಂಬರ್ ನೋಡಿಕೊಳ್ಳಬೇಕು. ಚಿಪ್ಪಿನ ಬಿಳಿ ಪದರ ಹೋಗಿ ತಾಮ್ರದ ಬಣ್ಣ ಕಾಣುತ್ತಿದ್ದರೆ ಅದರ ಕಾಲ ಮುಗಿದಿದೆ. ಕ್ರ್ಯಾಂಕಿನ ಜರ್ನಲ್ ಉಗುರಿಗೆ ನುಣುಪಾಗಿದ್ದು, ಮೈಕ್ರೋಮೀಟರಿನಲ್ಲಿ ಗುಂಡಗಿದ್ದರೆ ಅದೇ ಸೈಜಿನ ಹೊಸ ಚಿಪ್ಪು ಹಾಕಿದರೆ ಆಯಿತು. ‘ಹೇಗೂ ಬಿಚ್ಚಿದ್ದೀವಿ, ಗ್ರೈಂಡಿಂಗ್ ಮಾಡಿಸಿಬಿಡೋಣ’ ಎಂಬ ಮಾತಿಗೆ ಒಪ್ಪಬೇಡಿ. ಪ್ರತಿ ಗ್ರೈಂಡಿಂಗೂ ಕ್ರ್ಯಾಂಕಿನ ಆಯುಸ್ಸಿನಿಂದ ಒಂದು ತುಂಡು ಕಿತ್ತುಕೊಳ್ಳುತ್ತದೆ.

ಗ್ರೈಂಡಿಂಗ್ ಆಗಲೇಬೇಕಾದರೆ ಎರಡು ವಿಷಯ ಗಟ್ಟಿಯಾಗಿ ಹೇಳಿ. ಜರ್ನಲ್ ಮತ್ತು ಪಕ್ಕದ ಗೋಡೆ ಸೇರುವ ಮೂಲೆಯಲ್ಲಿ ಕಂಪನಿ ಕೊಟ್ಟಿರುವ ದುಂಡನೆಯ ತಿರುವು ಹಾಗೇ ಉಳಿಯಬೇಕು. ಅಲ್ಲಿ ಚೂಪು ಮೂಲೆ ಬಂದರೆ ಬಿರುಕು ಅಲ್ಲಿಂದಲೇ ಶುರುವಾಗಿ ಒಂದು ದಿನ ಕ್ರ್ಯಾಂಕ್ ಮುರಿಯುತ್ತದೆ. ಎರಡನೆಯದು, ಕ್ರ್ಯಾಂಕಿನ ಒಳಗಿನ ಆಯಿಲ್ ತೂತುಗಳ ಶುದ್ಧಿ. ಗ್ರೈಂಡಿಂಗ್ ಪುಡಿ ಆ ತೂತುಗಳಲ್ಲಿ ಕೂತಿರುತ್ತದೆ. ಉದ್ದ ಬ್ರಷ್, ಸೀಮೆಎಣ್ಣೆ, ಆಮೇಲೆ ಏರ್ ಪ್ರೆಷರ್, ಹೀಗೆ ಪ್ರತಿ ತೂತನ್ನೂ ಈ ತುದಿಯಿಂದ ಆ ತುದಿಗೆ ತೊಳೆಯಬೇಕು. ಹೊಸ ಇಂಜಿನ್ ಮೊದಲ ವಾರದಲ್ಲೇ ಬೇರಿಂಗ್ ಹಿಡಿದರೆ ಬಹಳ ಸಲ ಕಾರಣ ಇಷ್ಟೇ.

ಲೇತಿನಲ್ಲಿ, ಹೆಡ್ಡಿನಲ್ಲಿ

ಸಿಂಪ್ಸನ್ ಇಂಜಿನ್ನಿನದು ಡ್ರೈ ಲೈನರ್. ಅಂದರೆ ಲೈನರಿನ ಹೊರಮೈಗೆ ನೀರು ತಾಗುವುದಿಲ್ಲ, ಅದು ಬ್ಲಾಕಿನ ಕಬ್ಬಿಣಕ್ಕೆ ಅಂಟಿ ಕೂತು ಅದರ ಮೂಲಕ ಶಾಖ ಬಿಡುತ್ತದೆ. ಹಾಗಾಗಿ ಬ್ಲಾಕಿನ ಒಳಮೈ ಮತ್ತು ಲೈನರಿನ ಹೊರಮೈ ನಡುವೆ ಒಂದು ಚೂರು ಕೊಳೆ, ತುಕ್ಕು ಉಳಿದರೂ ಅಲ್ಲಿ ಶಾಖ ನಿಂತು ಲೈನರ್ ಒಳಕ್ಕೆ ಉಬ್ಬುತ್ತದೆ, ಪಿಸ್ಟನ್ ಹಿಡಿಯುತ್ತದೆ. ಸುತ್ತಿಗೆ ಬಡಿದು ಲೈನರ್ ಇಳಿಸುವುದನ್ನು ಬಿಟ್ಟು ಪ್ರೆಸ್ ಇರುವ ಕಡೆಯೇ ಕೆಲಸ ಮಾಡಿಸಿ. ಕೂರಿಸಿದ ಮೇಲೆ ಮತ್ತೆ ಬೋರ್ ಅಳೆಯಬೇಕು, ಬ್ಲಾಕಿನ ಮೈಯಿಂದ ಪಿಸ್ಟನ್ ಎತ್ತರ ಎಷ್ಟು ಬರುತ್ತದೆ ಎಂದು ನೋಡಬೇಕು.

ಎಚ್‌ಎಂಟಿ 2511 ಇರುವವರಿಗೆ ಲೆಕ್ಕ ಬೇರೆ. ಜೆಕ್ ಮೂಲದ ಜೆಟರ್ ವಿನ್ಯಾಸದ ಈ ಎರಡು ಸಿಲಿಂಡರ್ ಗಾಡಿಯದು ವೆಟ್ ಲೈನರ್, ಹೊರಮೈಯನ್ನು ನೀರೇ ಸುತ್ತಿರುತ್ತದೆ. ಅಲ್ಲಿ ಲೈನರ್ ಬದಲಿಸುವುದು ಸುಲಭ, ಆದರೆ ರಬ್ಬರ್ ರಿಂಗ್ ತಿರುಚಿಕೊಂಡರೆ ನೀರು ಸಂಪಿಗೆ ಇಳಿಯುತ್ತದೆ. ಲೈನರಿನ ತಲೆ ಬ್ಲಾಕಿಗಿಂತ ಕೂದಲೆಳೆಯಷ್ಟು ಮೇಲಿದ್ದರೇ ಗ್ಯಾಸ್ಕೆಟ್ ಹಿಡಿಯುವುದು. ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿದೆ. ಆದ್ದರಿಂದ ಸಾಮಾನು ಕೈಗೆ ಬಂದ ಮೇಲೆಯೇ ಗಾಡಿ ಬಿಚ್ಚಿಸುವುದು ಜಾಣತನ.

ಹೆಡ್ ಕೆಲಸವನ್ನು ಚಿಕ್ಕದೆಂದು ತಿಳಿಯಬಾರದು. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ಹೆಡ್ ಬಗ್ಗಿದೆಯೇ ನೋಡಿಸಿ, ಎರಡು ವಾಲ್ವ್ ಸೀಟಿನ ನಡುವೆ ಬಿರುಕಿದೆಯೇ ಎಂದು ಪ್ರೆಷರ್ ಟೆಸ್ಟ್ ಮಾಡಿಸಿ. ಗೈಡ್ ಸವೆದಿದ್ದರೆ ಗೈಡ್ ಮೊದಲು, ಸೀಟ್ ಆಮೇಲೆ. ವಾಲ್ವ್ ಕೂರಿಸಿದ ಮೇಲೆ ಹೆಡ್ಡನ್ನು ಪಕ್ಕಕ್ಕೆ ಮಲಗಿಸಿ ಪೋರ್ಟಿಗೆ ಸೀಮೆಎಣ್ಣೆ ತುಂಬಿ ಸ್ವಲ್ಪ ಹೊತ್ತು ಬಿಡಿ. ವಾಲ್ವ್ ಸುತ್ತ ಒದ್ದೆಯಾದರೆ ಮತ್ತೆ ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಬೇಕು. ಪದೇ ಪದೇ ಸೀಟ್ ಕತ್ತರಿಸಿದ ಹೆಡ್ಡಿನಲ್ಲಿ ವಾಲ್ವ್ ತೀರ ಒಳಗೆ ಕೂತು ಕಂಪ್ರೆಷನ್ ಇಳಿಯುತ್ತದೆ, ಗಾಡಿ ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ. ಆಗ ಹೊಸ ಸೀಟ್ ರಿಂಗ್ ಹಾಕಿಸಬೇಕು.

ಬ್ಲಾಕ್ ಖಾಲಿಯಿರುವಾಗಲೇ ನೀರಿನ ದಾರಿಯ ಪ್ಲಗ್ಗುಗಳನ್ನು ತೆಗೆಸಿ ಒಳಗೆ ನೋಡಿ. ಬೋರ್‌ವೆಲ್ಲಿನ ಗಡಸು ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಸುಣ್ಣದ ಪದರ ಕಟ್ಟಿರುತ್ತದೆ, ಹಿಂದಿನ ಸಿಲಿಂಡರಿನ ಕಡೆ ಕೆಸರು ಕೂತಿರುತ್ತದೆ. ಇದನ್ನು ಕೆರೆದು ತೆಗೆಯದಿದ್ದರೆ ಹೊಸ ಲೈನರ್ ಕೂಡ ಬಿಸಿಯಲ್ಲೇ ಬೇಯುತ್ತದೆ. ಮುಂದೆ ಕೂಲೆಂಟ್ ಹಾಕಿ, ಇಲ್ಲವೇ ಮಳೆನೀರು ಹಿಡಿದಿಟ್ಟುಕೊಂಡು ಅದನ್ನೇ ಬಳಸಿ.

ಬ್ಲಾಕೇ ಒಡೆದಿದ್ದರೆ ಗುಜರಿಯಿಂದ ಬೇರೆ ಬ್ಲಾಕ್ ತರುವ ಸಲಹೆ ಬರುತ್ತದೆ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ಹಳೆಯ ಬ್ಲಾಕಿನದು ಎಂಬುದು ನೆನಪಿರಲಿ. ಬ್ಲಾಕಿನ ಬಿಲ್ಲು ತೆಗೆದುಕೊಂಡು ಆರ್‌ಟಿಒ ಕಚೇರಿಯಲ್ಲಿ ಬದಲಾವಣೆ ದಾಖಲಿಸದಿದ್ದರೆ ಗಾಡಿ ಮಾರುವಾಗ, ವಿಮೆ ಕೇಳುವಾಗ ಕಷ್ಟವಾಗುತ್ತದೆ.

ಸಾಮಾನು ಕೊಳ್ಳುವಾಗ ಪಿಸ್ಟನ್, ಪಿನ್, ರಿಂಗ್, ಲೈನರ್ ಒಂದೇ ತಯಾರಕರ ಒಂದೇ ಸೆಟ್ ಇರಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ, ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಕೊಂಡರೂ ಬಿಲ್ಲಿನ ಮೇಲೆ ಪಾರ್ಟ್ ನಂಬರ್ ಬರೆಸಿಕೊಳ್ಳಿ. ಅಸಲಿ ಡಬ್ಬಿಯನ್ನೇ ಹೋಲುವ ನಕಲಿ ಡಬ್ಬಿಗಳು ಮಾರುಕಟ್ಟೆಯಲ್ಲಿವೆ. ದರ ತೀರ ಕಡಿಮೆ ಹೇಳಿ ಬಿಲ್ಲು ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ.

ಕೂಡಿಸುವಾಗ

ಸ್ವಚ್ಛತೆ ಇಲ್ಲದ ಕಡೆ ಇಂಜಿನ್ ಕೂಡಿಸಬಾರದು. ಬಯಲಲ್ಲಿ, ಗಾಳಿ ಬೀಸುವ ಹೊತ್ತಿನಲ್ಲಿ, ಪಕ್ಕದಲ್ಲಿ ಗ್ರೈಂಡಿಂಗ್ ಮೆಷೀನ್ ಓಡುತ್ತಿರುವಾಗ ಈ ಕೆಲಸ ಬೇಡ. ಪ್ರತಿ ಬೇರಿಂಗಿಗೂ ಹೊಸ ಆಯಿಲ್ ಸವರಿ ಕೂರಿಸಬೇಕು. ರಿಂಗಿನ ಬಾಯಿಗಳು ಒಂದರ ಕೆಳಗೆ ಒಂದು ಬರದಂತೆ ಸುತ್ತ ಹಂಚಬೇಕು, ಪಿಸ್ಟನ್ ತಲೆಯ ಮೇಲಿನ ಗುರುತು ಮುಂದಕ್ಕೆ ಇರಬೇಕು. ಹೊಸ ರಿಂಗನ್ನೂ ಹೊಸ ಲೈನರಿನಲ್ಲಿ ಇಟ್ಟು ಗ್ಯಾಪ್ ನೋಡಬೇಕು. ಈ ಬೋರಿಗೆ ಮೇಲಿನ ರಿಂಗಿನ ಗ್ಯಾಪ್ 0.3ರಿಂದ 0.4 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಸರಿ. ಗ್ಯಾಪೇ ಇಲ್ಲದಿದ್ದರೆ ಬಿಸಿಯಲ್ಲಿ ತುದಿಗಳು ಒತ್ತಿಕೊಂಡು ರಿಂಗ್ ಮುರಿಯುತ್ತದೆ.

ಹಳೆಯ ಸಿಂಪ್ಸನ್ ಇಂಜಿನ್ನಿನಲ್ಲಿ ನನಗೆ ಹೆಚ್ಚು ಕಾಳಜಿ ಇರುವುದು ಕ್ರ್ಯಾಂಕಿನ ಹಿಂದಿನ ಸೀಲಿನ ಬಗ್ಗೆ. ಹಳೆಯವುಗಳಲ್ಲಿ ಅದು ಎರಡು ಅರ್ಧ ಹೌಸಿಂಗಿನಲ್ಲಿ ಕೂರುವ ಹಗ್ಗದ ಸೀಲ್. ಹಗ್ಗವನ್ನು ಹೌಸಿಂಗಿನ ಅರ್ಧಚಂದ್ರಾಕಾರದ ತೋಡಿನಲ್ಲಿ ಮೊದಲು ಎರಡೂ ತುದಿಗಳಲ್ಲಿ ಸ್ವಲ್ಪ ಸ್ವಲ್ಪ ಕೂರಿಸಿ, ಆಮೇಲೆ ನಡುವಿನ ಉಬ್ಬನ್ನು ಒತ್ತಬೇಕು. ಹಾಗೆ ಮಾಡಿದಾಗಲೇ ಹಗ್ಗ ಪೂರ್ತಿ ಬಿಗಿಯಾಗುವುದು. ತುದಿಗಳು ಹೌಸಿಂಗಿನ ಮೈಗಿಂತ 0.25ರಿಂದ 0.5 ಮಿಲಿಮೀಟರ್ ಹೊರಗಿರಬೇಕು, ಅಷ್ಟೇ. ಆಮೇಲೆ ನುಣುಪಾದ ದುಂಡು ಕೋಲಿನಿಂದ ಒಳಮೈಯನ್ನು ಉರುಳಿಸಿ ಒತ್ತಿ, ಗ್ರಾಫೈಟ್ ಗ್ರೀಸ್ ಸವರಿ ಕೂರಿಸಬೇಕು. ಬ್ಲೇಡಿನಿಂದ ಸಮಮಟ್ಟಕ್ಕೆ ಕತ್ತರಿಸಿದ ಹಗ್ಗ ಸೋರುತ್ತದೆ. ಸೋರಿದ ಆಯಿಲ್ ಕ್ಲಚ್ ಪ್ಲೇಟಿಗೆ ಹೋಗುತ್ತದೆ, ಕ್ಲಚ್ ಜಾರುತ್ತದೆ. ಅಷ್ಟಕ್ಕೇ ಗಾಡಿಯನ್ನು ಮತ್ತೆ ಎರಡು ಭಾಗ ಮಾಡಬೇಕಾಗುತ್ತದೆ. ನಿಮ್ಮ ಇಂಜಿನ್ನಿಗೆ ರಬ್ಬರ್ ತುಟಿಯ ಸೀಲ್ ಬಂದಿದ್ದರೆ ಈ ತೊಂದರೆಯಿಲ್ಲ.

ಟೈಮಿಂಗ್ ಗೇರುಗಳ ಗುರುತುಗಳನ್ನು ಕೂಡಿಸಿದ ಮೇಲೆ ಒಮ್ಮೆ ಕ್ರ್ಯಾಂಕ್ ತಿರುಗಿಸಿದರೆ ನಡುವಿನ ಗೇರಿನ ಗುರುತು ಬೇರೆ ಕಡೆ ಹೋಗಿರುತ್ತದೆ. ಎಷ್ಟೋ ಸುತ್ತು ತಿರುಗಿದ ಮೇಲೆಯೇ ಅದು ಮತ್ತೆ ಎದುರಾಗುವುದು. ಇದನ್ನು ತಪ್ಪೆಂದು ತಿಳಿದು ಗೇರ್ ಕಳಚಿ ಮತ್ತೆ ಹಾಕುವವರಿದ್ದಾರೆ. ಒಮ್ಮೆ ಸರಿಯಾಗಿ ಕೂಡಿಸಿ, ಫೋಟೊ ತೆಗೆದಿಟ್ಟುಕೊಂಡು ಮುಚ್ಚಿ.

ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಕೈಪಿಡಿ ಹೇಳಿದ ಕ್ರಮದಲ್ಲಿ, ಮೂರು ಹಂತದಲ್ಲಿ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಕೈ ಅಂದಾಜಿನ ಮೇಲೆ ನಂಬಿಕೆ ಇರುವ ಹಿರಿಯ ಮೇಸ್ತ್ರಿಗಳಿದ್ದಾರೆ, ಅವರ ಅನುಭವಕ್ಕೆ ಗೌರವವಿದೆ. ಆದರೆ ಕನೆಕ್ಟಿಂಗ್ ರಾಡಿನ ಬೋಲ್ಟ್ ಸ್ವಲ್ಪ ಸಡಿಲವಿದ್ದರೂ, ಸ್ವಲ್ಪ ಹೆಚ್ಚು ಹಿಗ್ಗಿದ್ದರೂ ಅದು ತುಂಡಾದ ದಿನ ರಾಡ್ ಬ್ಲಾಕನ್ನೇ ಒಡೆದುಕೊಂಡು ಹೊರಬರುತ್ತದೆ. ಈ ಒಂದು ವಿಷಯದಲ್ಲಿ ಸ್ಪ್ಯಾನರನ್ನೇ ನಂಬಬೇಕು. ಟ್ಯಾಪೆಟ್ ಗ್ಯಾಪ್ ಇಂಜಿನ್ ತಣ್ಣಗಿರುವಾಗ 0.30 ಮಿಲಿಮೀಟರ್, ಬಿಸಿಯಿರುವಾಗ 0.25.

ಡೀಸೆಲ್ ಪಂಪ್ ಮತ್ತು ನಾಜಲ್ಲುಗಳನ್ನು ಇದೇ ಹೊತ್ತಿನಲ್ಲಿ ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಗೆ ಕಳಿಸಿ. ಹೊಗೆಯಂತೆ ಹರಡದೆ ತೊಟ್ಟಿಕ್ಕುವ ನಾಜಲ್ ಹೊಸ ಪಿಸ್ಟನ್ನಿನ ತಲೆಯನ್ನು ಸುಡುತ್ತದೆ, ಡೀಸೆಲ್ ಬೋರಿನ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ.

ಮೊದಲ 50 ಗಂಟೆ

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಫಿಲ್ಟರಿಗೆ ಆಯಿಲ್ ತುಂಬಿ, ಸ್ಟಾಪ್ ಎಳೆದಿಟ್ಟು, ಗೇಜ್ ಮೇಲೇಳುವವರೆಗೆ ಸೆಲ್ಫ್ ಬಿಟ್ಟು ಬಿಟ್ಟು ಹೊಡೆಯಿರಿ. ಆಮೇಲೆ ಫಿಲ್ಟರ್, ಪಂಪ್, ನಾಜಲ್ ಹೀಗೆ ವರಸೆಯಾಗಿ ಏರ್ ತೆಗೆಯಿರಿ. ಇಂಜಿನ್ ಹೊತ್ತಿಕೊಂಡ ಮೇಲೆ ಆಯಿಲ್, ನೀರು, ಡೀಸೆಲ್ ಸೋರುತ್ತಿದೆಯೇ ಎಂದು ಸುತ್ತ ನೋಡಿ, ಬಿಸಿಯಾದ ಮೇಲೆ ಆಫ್ ಮಾಡಿ, ಕೈಪಿಡಿಯಂತೆ ಹೆಡ್ ಬೋಲ್ಟ್ ಮತ್ತೊಮ್ಮೆ ಟಾರ್ಕ್ ಮಾಡಿ ಟ್ಯಾಪೆಟ್ ನೋಡಿಸಿ.

ಹೊಸ ಇಂಜಿನ್ನನ್ನು ದಿನವಿಡೀ ಐಡ್ಲಿಂಗ್‌ನಲ್ಲಿ ಓಡಿಸಿ ‘ಸೆಟ್’ ಮಾಡುವ ಪದ್ಧತಿ ಹಲವು ಕಡೆ ಇದೆ. ಇದರಿಂದ ಕೆಡುಕೇ ಹೆಚ್ಚು. ಲೋಡ್ ಇಲ್ಲದೆ ರಿಂಗಿನ ಹಿಂದೆ ಒತ್ತಡ ಬರುವುದಿಲ್ಲ, ರಿಂಗ್ ಬೋರಿಗೆ ಹೊಂದಿಕೊಳ್ಳುವ ಮೊದಲೇ ಬೋರಿನ ಗೋಡೆ ಗಾಜಿನಂತೆ ಹೊಳಪೇರುತ್ತದೆ. ಆಮೇಲೆ ಆ ಇಂಜಿನ್ ಆಯಿಲ್ ತಿನ್ನುವುದನ್ನು ಬಿಡುವುದೇ ಇಲ್ಲ. ಖಾಲಿ ಟ್ರೇಲರ್, ಹಗುರ ಕಲ್ಟಿವೇಟರ್ ಇಂಥ ಮಧ್ಯಮ ಕೆಲಸ ಕೊಡಿ, ವೇಗ ಏರಿಸಿ ಇಳಿಸಿ ಓಡಿಸಿ. ರೋಟವೇಟರ್, ಕೇಜ್ ವೀಲ್ ಹಾಕಿ ಕೆಸರುಗದ್ದೆ, ಕಬ್ಬಿನ ತುಂಬು ಲೋಡು 50 ಗಂಟೆ ಕಳೆಯುವವರೆಗೆ ಬೇಡ. 50 ಗಂಟೆಗೆ ಆಯಿಲೂ ಫಿಲ್ಟರೂ ಬದಲಿಸಿ. ಇದಕ್ಕೆಲ್ಲ ಸಮಯ ಬೇಕಾದ್ದರಿಂದ ಇಂಜಿನ್ ಕೆಲಸವನ್ನು ಹಿಂಗಾರು ಕೊಯ್ಲು ಮುಗಿದ ಕೂಡಲೇ ಹಿಡಿಯುವುದು ಒಳ್ಳೆಯದು. ಮುಂಗಾರಿನ ಮೊದಲ ಉಳುಮೆ ಹೊತ್ತಿಗೆ ಶೆಡ್ಡುಗಳಲ್ಲಿ ಸಾಲು ನಿಂತಿರುತ್ತದೆ, ಅವಸರದಲ್ಲಿ ಅಳತೆಯೇ ಮೊದಲು ಬಿಟ್ಟುಹೋಗುತ್ತದೆ.

ಯಂತ್ರದ ಬಗ್ಗೆ ಇನ್ನೂ ಕಲಿಯುವ ಆಸಕ್ತಿ ಇರುವ ಯುವಕರಿಗೆ ಐಟಿಐಗಳಲ್ಲಿ ಮೆಕ್ಯಾನಿಕ್ ಟ್ರ್ಯಾಕ್ಟರ್ ಎಂಬ ಕೋರ್ಸೇ ಇದೆ. ಬಳ್ಳಾರಿ, ಪಾವಗಡದ ಕಡೆಯವರಿಗೆ ಹತ್ತಿರವೇ ಆಗುವ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ.

ಕೆಲಸ ಮುಗಿದ ದಿನ ಮೇಸ್ತ್ರಿಯ ಮುಂದೆ ಕೂತು ಒಂದು ಹಾಳೆ ಬರೆಸಿಕೊಳ್ಳಿ: ಇಂಜಿನ್ ನಂಬರ್, ಮೇನ್ ಬೇರಿಂಗ್ ಮತ್ತು ಕನೆಕ್ಟಿಂಗ್ ರಾಡ್ ಬೇರಿಂಗಿನ ಸೈಜು, ಹಾಕಿದ ಲೈನರ್ ಸೆಟ್ಟಿನ ಪಾರ್ಟ್ ನಂಬರ್, ಮೀಟರಿನ ಗಂಟೆ, ಬಿಸಿಯಲ್ಲಿ ಬಂದ ಆಯಿಲ್ ಪ್ರೆಷರ್. ಹಳೆಯ ಬೇರಿಂಗ್ ಚಿಪ್ಪುಗಳನ್ನೂ ಕೇಳಿ ತೆಗೆದುಕೊಂಡು ಹಾಳೆಯ ಜೊತೆ ಗಾಡಿಯ ಆರ್‌ಸಿ ಇಡುವ ಕಡೆಯೇ ಇಡಿ. ಪ್ರತಿ ಹಂಗಾಮಿನ ಕೊನೆಗೆ ಅದೇ ಗೇಜಿನಿಂದ ಪ್ರೆಷರ್ ನೋಡಿ ಹಾಳೆಯಲ್ಲಿ ಸೇರಿಸುತ್ತಾ ಹೋದರೆ, ಗಾಡಿಯಲ್ಲಿ ಬಡಿತ ಕೇಳಿಸುವುದಕ್ಕಿಂತ ಎಷ್ಟೋ ಮೊದಲೇ ಅಂಕಿ ಇಳಿಯುವುದು ಕಾಣುತ್ತದೆ.